ಮೂವತ್ತು ಹೆಜ್ಜೆಗೆ ಸಿಕ್ಕ ಬೇಟೆ

ಜುಲೈ 27, ಶನಿವಾರ

ಮೇವಿನ ಹೊಲದಲ್ಲಿ ಇವತ್ತು ಹೊಸದಾಗಿ ನಲವತ್ತೊಂದು ಬಿಲ. ನೆಲ ಅಳಿಲುಗಳು ಬೇರು ಕತ್ತರಿಸಿ, ಮಣ್ಣು ಗುಡ್ಡೆ ಹಾಕಿ, ಅದರ ಮೇಲೆ ಎರಡು ಕಾಲಲ್ಲಿ ನಿಂತು ನನ್ನನ್ನೇ ನೋಡುತ್ತವೆ. ಹೊಲದ ಪಟ್ಟಾ ತಮ್ಮ ಹೆಸರಿಗೇ ಇದೆ ಎನ್ನುವ ಧೈರ್ಯ.

ನಾನು ಶಾಲೆಯಲ್ಲಿ ಜೀವಶಾಸ್ತ್ರ ಹೇಳುತ್ತಿದ್ದ ಕಾಲದಲ್ಲಿ ಪ್ರತಿ ವಸಂತದಲ್ಲೂ ಜಿಲ್ಲೆಯಿಂದ ಮೂವರು ಕುದುರೆಯ ಮೇಲೆ ಬರುತ್ತಿದ್ದರು. ಬಿಲಗಳಿಗೆ ಮದ್ದು ಹಾಕುವರು, ಚಿಗಟ ಹಿಡಿದು ಶೀಶೆಗೆ ತುಂಬಿಕೊಂಡು ಹೋಗುವರು. ನಮ್ಮ ದೇಶ ಸೇರಿದ್ದ ಒಕ್ಕೂಟ ಮುರಿದ ಮೇಲೆ ಕುದುರೆಯೂ ಇಲ್ಲ, ಮದ್ದೂ ಇಲ್ಲ, ಶೀಶೆಯೂ ಇಲ್ಲ. ಮಾರ್ಚಿನಿಂದ ಜಿಲ್ಲೆಗೆ ನಾಲ್ಕು ಪತ್ರ ಬರೆದಿದ್ದೇನೆ. ಒಂದಕ್ಕೆ ಉತ್ತರ ಬಂದಿದೆ: ನಿಮ್ಮ ಪತ್ರ ತಲುಪಿದೆ. ತಲುಪಿದ್ದು ನನಗೆ ಗೊತ್ತು, ರಸೀದಿ ನನ್ನ ಹತ್ತಿರವೇ ಇದೆ.

ಐದನೆಯದನ್ನು ಬರೆಯಲು ಕೂತಾಗ ಅನಾರ್ಕಾನ್ ಚಹಾ ಇಟ್ಟು ಹೇಳಿದಳು, "ಪತ್ರ ಓದಿ ಸಾಯೋ ಅಳಿಲು ಇನ್ನೂ ಹುಟ್ಟಿಲ್ಲ." ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಮಾತಿಗೆ ಉತ್ತರ ಕೊಡುವುದು ವ್ಯರ್ಥ. ಬಂದೂಕು ಕೊಳ್ಳುತ್ತೇನೆ.

ಆಗಸ್ಟ್ 2, ಶುಕ್ರವಾರ

ನರೀನ್ ಪೇಟೆಗೆ ಹೋಗಿ ಬಂದೆ. ಕಂಬರ್‌ನ ಅಂಗಡಿಯಲ್ಲಿ ಎರಡು ಗಂಟೆ ಕಳೆದೆ. ಹಳೆಯ ವಿದ್ಯಾರ್ಥಿ, ಹಿಂದಿನ ಬೆಂಚಿನವನು.

ನನಗೆ ಬೇಕಾದ್ದು ಮೆಲ್ಕಾಷ್ಕಾ, ಸಣ್ಣ ಗುಂಡಿನ ರೈಫಲ್. ತೋಳಕ್ಕೆ ಹೊಡೆಯುವ ದೊಡ್ಡದಾದರೆ ಅಳಿಲಿನ ಜೊತೆ ಹೊಲವೂ ಹಾರಿಹೋಗುತ್ತದೆ, ಸದ್ದಿಗೆ ಊರಿನ ಹಸುಗಳೆಲ್ಲ ಹಾಲು ಕಟ್ಟಿಕೊಳ್ಳುತ್ತವೆ. ಕಂಬರ್ ಮೂರನ್ನು ತಂದು ಮುಂದಿಟ್ಟ. ಹೊರದೇಶದ ಹೊಸದು, ಅಕ್ರೋಟಿನ ಹಿಡಿ, ಐದು ಗುಂಡಿನ ಗೂಡು. ಬೆಲೆ ಎರಡು ಹಸು. ಗಾಳಿ ಬಂದೂಕು, ಅಗ್ಗ, ಪರವಾನಗಿಯ ರಗಳೆ ಕಡಿಮೆ, ಆದರೆ ಇದಕ್ಕೆ ಅಳಿಲು ಮೈ ಕೆರೆದುಕೊಂಡು ಹೋಗುತ್ತದೆ ಎಂದು ಅವನೇ ಒಪ್ಪಿಕೊಂಡ. ಮೂರನೆಯದು ಹಳೆಯ ಕಾಲದ ಗುರಿ ತರಬೇತಿ ಸಂಘದ್ದು, ಒಂಟಿ ಗುಂಡಿನದು, ಬರ್ಚ್ ಮರದ ಹಿಡಿಯ ಮೇಲೆ ಯಾರದೋ ಉಗುರಿನ ಗೀರು. ಒಂದು ಕುರಿಯ ಬೆಲೆಗೆ ಸಿಗುತ್ತದೆ.

ನಳಿಗೆಯ ಒಂದು ತುದಿಗೆ ಬಿಳಿಯ ಕಾಗದ ಹಿಡಿದು ಇನ್ನೊಂದು ತುದಿಯಿಂದ ನೋಡಿದೆ. ಸುರುಳಿ ಗೆರೆಗಳು ಸ್ವಚ್ಛವಾಗಿದ್ದವು. ಎಂಥೆಂಥವರೋ ಹಿಡಿದ ವಸ್ತು, ಆದರೂ ಒಳಗೆ ಸವೆದಿಲ್ಲ. ಗುಂಡು ಎಷ್ಟು ದೂರ ನೆಟ್ಟಗೆ ಹೋಗುತ್ತದೆ ಎಂದು ಕೇಳಿದೆ.

"ಐವತ್ತು ಹೆಜ್ಜೆವರೆಗೆ ನಿಮ್ಮ ಮಾತು ಕೇಳುತ್ತೆ ಮೇಷ್ಟ್ರೇ. ಆಮೇಲೆ ನನ್ನ ಥರ."

ಆಗಸ್ಟ್ 9, ಶುಕ್ರವಾರ

ವಾರವೆಲ್ಲ ಪರವಾನಗಿಯ ಕಾಗದಪತ್ರ. ಕಣ್ಣಿನ ವೈದ್ಯ, ಕುಡಿತದ ವೈದ್ಯ, ಮನಸ್ಸಿನ ವೈದ್ಯೆ. ಯಾರ ಮೇಲಾದರೂ ಕೋಪ ಇದೆಯೇ ಎಂದು ಆಕೆ ಕೇಳಿದಳು. ಇಡೀ ಜಿಲ್ಲೆಯ ಮೇಲೆ ಎಂದೆ. ನಕ್ಕು ಮುದ್ರೆ ಒತ್ತಿದಳು. ಕಬ್ಬಿಣದ ಪೆಟ್ಟಿಗೆ ಗೋಡೆಗೆ ಕೂರಿಸಿದ್ದೂ ಆಯಿತು. ಬಂದೂಕನ್ನು ನನ್ನ ಹೆಸರಿಗೆ ಬರೆಯಬೇಕಾದ ಅಧಿಕಾರಿ ಮಾತ್ರ ಸೆಪ್ಟೆಂಬರಿನವರೆಗೆ ರಜೆ. ಅಷ್ಟರಲ್ಲಿ ಹೊಲ ಉಳಿಯುವುದಿಲ್ಲ.

ಸಹಿ ಆಮೇಲೆ ಬರಲಿ, ನಿಮ್ಮನ್ನು ಯಾರು ಕೇಳುತ್ತಾರೆ ಎಂದು ಕಂಬರ್ ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಟ್ಟ. ತಂದಿದ್ದೇನೆ. ಇದರಲ್ಲಿ ತಪ್ಪಿದ್ದರೆ ಅದು ರಜೆ ಹಾಕಿದವನದು.

ಆಗಸ್ಟ್ 13, ಮಂಗಳವಾರ

ಹಳೆಯ ಇಟ್ಟಿಗೆ ಗೂಡಿನ ಹತ್ತಿರ ಡಬ್ಬಿಯ ಮುಚ್ಚಳಗಳನ್ನು ನೇತುಹಾಕಿ ಗುರಿ ಅಭ್ಯಾಸ. ಐವತ್ತು ಹೆಜ್ಜೆಗೆ ಹತ್ತರಲ್ಲಿ ಏಳು. ಉಸಿರು ಅರ್ಧ ಬಿಟ್ಟು, ಬೆರಳನ್ನು ಮೆಲ್ಲಗೆ ಒತ್ತುವಾಗ ತಲೆಯಲ್ಲಿ ಯಾವ ಪತ್ರವೂ ಇರುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಇಂಥ ನೆಮ್ಮದಿ.

ಹಿಂತಿರುಗುವಾಗ ಮುಕಾಷ್ ತನ್ನ ಗೇಟಿನಲ್ಲಿ ನಿಂತು ನನ್ನ ಹೆಗಲಿನ ಕಂಬಳಿಯ ಸುರುಳಿಯನ್ನೇ ನೋಡುತ್ತಿದ್ದ. ಇಬ್ಬರ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಮಾತು ಬಿಟ್ಟು ಇಪ್ಪತ್ತೊಂಬತ್ತು ವರ್ಷ. ಸಾಮೂಹಿಕ ಫಾರಂ ಒಡೆದ ಚಳಿಗಾಲದಲ್ಲಿ ಇವನು ಉಗ್ರಾಣದ ಯಜಮಾನ. ಶಾಲೆಗೆ ಬಂದ ಕಲ್ಲಿದ್ದಲು ಅರ್ಧಕ್ಕರ್ಧ ಕಾಣೆಯಾಯಿತು. ಮಕ್ಕಳು ಕೈಗವಸು ಹಾಕಿಕೊಂಡು ಬರೆದರು. ನಾನು ಹನ್ನೊಂದು ಪತ್ರ ಬರೆದೆ, ಇವನ ಕೆಲಸ ಹೋಯಿತು. ಜನ ಮರೆತಿದ್ದಾರೆ. ನಾನು ಮರೆತಿಲ್ಲ. ಅವನೂ ಮರೆತಿರಲಾರ.

ಸಹಿಯಿಲ್ಲದ ಬಂದೂಕು ನನ್ನ ಮನೆಯಲ್ಲಿದೆ ಎಂದು ಅವನಿಗೆ ಈಗ ಗೊತ್ತು. ಒಂದು ಪತ್ರ ಬರೆದರೆ ಸಾಕು.

ಆಗಸ್ಟ್ 17, ಶನಿವಾರ

ಇವತ್ತಿನದು ಬರೆದಿಡಲೇಬೇಕು.

ಬೆಳಿಗ್ಗೆ ಹೊಲದಲ್ಲಿ ಒಂದು ಅಳಿಲೂ ತಲೆ ಎತ್ತಲಿಲ್ಲ. ಹಾಗೇ ಮೇಲಿನ ಗುಡ್ಡಕ್ಕೆ ಹತ್ತಿದೆ. ಬಂಡೆ ದಾಟಿದ್ದೇ ತಡ, ಬಿಲದ ಬಾಯಲ್ಲಿ ಮಾರ್ಮಟ್! ನೆಲ ಅಳಿಲಿನ ದೊಡ್ಡಣ್ಣ, ಬೆಕ್ಕಿನ ಎರಡರಷ್ಟು, ಕೆಂಗಂದು ಬಣ್ಣ, ಬಿಸಿಲಿಗೆ ಮೈಯೊಡ್ಡಿ ಕೂತಿತ್ತು. ನಾನು ಅಷ್ಟು ಮೆತ್ತಗೆ ನಡೆಯಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಒಂದೇ ಗುಂಡು. ಕಿವಿಯ ಹಿಂದೆ. ಮಾರ್ಮಟ್ ಬೇಟೆಯ ಋತು ಇನ್ನೂ ತೆರೆದಿಲ್ಲ, ನಿಜ. ಆದರೆ ಅರವತ್ತೇಳರ ವಯಸ್ಸಿನಲ್ಲಿ, ಒಂದು ಕುರಿ ಬೆಲೆಯ ಬಂದೂಕಿನಲ್ಲಿ!

ಹಿಂಗಾಲು ಹಿಡಿದು ತೂಗಾಡಿಸಿಕೊಂಡು ಇಳಿದೆ. ಮುಕಾಷ್ ಗೇಟಿನಲ್ಲೇ ಇದ್ದ. ಕಣ್ಣು ತಪ್ಪಿಸಿ ದಾಟುವವನಿದ್ದೆ. ಅವನು ಬಾಯಿ ಬಿಟ್ಟ.

"ಶಿರಾಲ್ಗಾ, ಮೇಷ್ಟ್ರೇ."

ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಮಾತು. ಬೇಟೆಯಿಂದ ಬರುವವನಿಗೆ ಎದುರಾದವನು ಹಾಗೆಂದರೆ ಪಾಲು ಕೊಡಲೇಬೇಕು; ಕೇಳಿದವನು ಅಪ್ಪನನ್ನು ಕೊಂದವನಾದರೂ ಸರಿ. ಕೊಡದವನ ಕೈಗೆ ಮತ್ತೆ ಬೇಟೆ ಹತ್ತುವುದಿಲ್ಲ ಎಂದು ನನ್ನಜ್ಜ ಹೇಳುತ್ತಿದ್ದ. ಊಲ್ಕಾನ್‌ಳ ಎದೆಯ ಕೆಮ್ಮಿಗೆ ಮದ್ದಾಗಿ ಇದರ ಕೊಬ್ಬು ಬೇಕಿತ್ತು ಎಂದು ಅವನು ನೆಲ ನೋಡುತ್ತ ಸೇರಿಸಿದ. ಊಲ್ಕಾನ್ ಅವನ ಹೆಂಡತಿ. ಕಾಲೋ ಪಕ್ಕೆಯೋ ಕೊಟ್ಟಿದ್ದರೆ ಸಾಕಿತ್ತು. ಇಡಿಯಾಗಿ ಕೊಟ್ಟೆ. ಔದಾರ್ಯ ಎಂದುಕೊಳ್ಳಲಿ. ಅಲ್ಲದೆ, ಪಾಲು ತಿಂದವನು ಪತ್ರ ಬರೆಯುವುದಿಲ್ಲ.

ಅನಾರ್ಕಾನ್‌ಗೆ ಹೇಳಲಿಲ್ಲ. ಜಾಕೆಟ್ಟಿನ ರಕ್ತ ಅಳಿಲಿನದು ಎಂದೆ. ತೊಳೆದು ಹಾಕಿದ್ದಾಳೆ.

ಆಗಸ್ಟ್ 18, ಭಾನುವಾರ

ಗೋಡೆಯಾಚೆಯಿಂದ ಈರುಳ್ಳಿ ಹಾಕಿ ಕುದಿಸಿದ ಮಾಂಸದ ವಾಸನೆ. ಒಳ್ಳೆಯ ದಿನ.

ಆಗಸ್ಟ್ 19, ಸೋಮವಾರ

ಈ ಪುಟವನ್ನು ಎರಡು ಸಲ ಹರಿದು ಮತ್ತೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಉತ್ಸಾಹದಲ್ಲಿ ನೂರು ಹೆಜ್ಜೆಗೆ ಮುಚ್ಚಳ ಕಟ್ಟಿದೆ. ಹತ್ತು ಗುಂಡು, ಒಂದೂ ತಗಲಲಿಲ್ಲ. ಎಪ್ಪತ್ತಕ್ಕೆ ಎರಡು. ಹಾಗಿದ್ದರೆ ಶನಿವಾರ ನಾನು ಎಷ್ಟು ದೂರದಿಂದ ಹೊಡೆದೆ ಎಂದು ಕುತೂಹಲವಾಯಿತು. ಅದು ಬರಿಯ ಕುತೂಹಲ, ಹೆಮ್ಮೆಗಾಗಿ. ಗುಡ್ಡ ಹತ್ತಿ ಬಂಡೆಯಿಂದ ಬಿಲದವರೆಗೆ ಅಳೆದೆ. ಮೂವತ್ತು ಹೆಜ್ಜೆ.

ಆರೋಗ್ಯವಾಗಿರುವ ಮಾರ್ಮಟ್ ಇನ್ನೂರು ಹೆಜ್ಜೆಯಿಂದಲೇ ಮನುಷ್ಯನನ್ನು ಕಂಡು ಸಿಳ್ಳೆ ಹಾಕಿ ಬಿಲ ಸೇರುತ್ತದೆ. ಇದು ಸಿಳ್ಳೆ ಹಾಕಲಿಲ್ಲ. ಕತ್ತು ವಾಲಿಸಿ ಕೂತಿತ್ತು. ಆಗಸ್ಟಿನಲ್ಲಿ ಅದರ ಮೈಯಲ್ಲಿ ಚಳಿಗಾಲಕ್ಕಾಗುವಷ್ಟು ಕೊಬ್ಬಿರಬೇಕು. ಇದು ಕೈಯಲ್ಲಿ ಖಾಲಿ ಚೀಲದಂತೆ ತೂಗುತ್ತಿತ್ತು. ನಾನು ಅದನ್ನು ತೂಗಾಡಿಸಿಕೊಂಡು ಬಂದೆ.

ಮೂವತ್ತನಾಲ್ಕು ವರ್ಷ, ಪ್ರತಿ ಏಪ್ರಿಲ್, ಏಳನೆಯ ತರಗತಿಯ ಕರಿಹಲಗೆಯ ಪಕ್ಕ ನಾನೇ ಚಿತ್ರಪಟ ನೇತುಹಾಕುತ್ತಿದ್ದೆ. ಓಡದ ಮಾರ್ಮಟ್ಟನ್ನು ಮುಟ್ಟಬೇಡಿ, ಸುಲಿಯಬೇಡಿ. ಮಕ್ಕಳು ಗಟ್ಟಿಯಾಗಿ ಹೇಳಬೇಕಿತ್ತು: ಪ್ಲೇಗು ಚಿಗಟದಿಂದ ಬರುತ್ತದೆ, ಚಾಕು ತಗಲಿದ ಬೆರಳಿನಿಂದ ಬರುತ್ತದೆ, ಎರಡು ದಿನದಿಂದ ಆರು ದಿನದೊಳಗೆ ತೋರುತ್ತದೆ.

ಸುಲಿದವನು ಮುಕಾಷ್. ಕೊಟ್ಟವನು ನಾನು. ಇವತ್ತಿಗೆ ಎರಡು ದಿನ.

ಆಗಸ್ಟ್ 20, ಮಂಗಳವಾರ

ಮುದಿ ಪ್ರಾಣಿಯೂ ಇರಬಹುದು. ಕಿವುಡೂ ಇರಬಹುದು. ಎಲ್ಲ ಸೋಮಾರಿ ಮಾರ್ಮಟ್ಟಿಗೂ ಪ್ಲೇಗು ಎನ್ನುವುದು ವಿಜ್ಞಾನವಲ್ಲ.

ಸೌದೆಯ ರಾಶಿ ಹತ್ತಿ ಗೋಡೆಯಾಚೆ ನೋಡಿದೆ. ಮುಕಾಷ್ ಕಟ್ಟಿಗೆ ಒಡೆಯುತ್ತಿದ್ದ. ಚರ್ಮವನ್ನು ಕೊಟ್ಟಿಗೆಯ ಬಾಗಿಲಿಗೆ ಮೊಳೆ ಹೊಡೆದು ಒಣಗಲು ಹಾಕಿದ್ದಾನೆ. ಅವನು ಚೆನ್ನಾಗಿದ್ದಾನೆ. ಕೊಡಲಿ ಎತ್ತುವಾಗ ಬಲಗೈ ಕೊಂಚ ಹಿಡಿದಂತೆ ಕಂಡಿತು. ಎಪ್ಪತ್ತರ ಹತ್ತಿರದವನು, ಹಿಡಿಯದೆ ಇರುತ್ತದೆಯೇ.

ಊರ ಆರೋಗ್ಯ ಕೇಂದ್ರ ನೋಡಿಕೊಳ್ಳುವ ಜಿಪಾರಾಗೆ ಹೇಳಬೇಕು. ಹೇಳಿದರೆ ಏನಾಗುತ್ತದೆಂದು ಸಮಾಧಾನವಾಗಿ ಯೋಚಿಸಿದೆ. ಸಹಿಯಿಲ್ಲದ ಬಂದೂಕು. ತೆರೆಯದ ಬೇಟೆ. ಎಲ್ಲಕ್ಕಿಂತ ಹೆಚ್ಚಾಗಿ, ಮೂವತ್ತು ವರ್ಷದ ಹಗೆಯವನಿಗೆ ಜೀವಶಾಸ್ತ್ರದ ಮೇಷ್ಟ್ರು ರೋಗದ ಪ್ರಾಣಿಯನ್ನು ಗೊತ್ತಿಲ್ಲದೆ ಕೊಟ್ಟ ಎಂದರೆ ಯಾರು ನಂಬುತ್ತಾರೆ? ನಾನೇ ಆಗಿದ್ದರೆ ನಂಬುತ್ತಿರಲಿಲ್ಲ. ಮೇಲಿನವರಿಗೆ ಪತ್ರ ಬರೆಯುತ್ತಿದ್ದೆ.

ನಾಳೆಯವರೆಗೆ ನೋಡುತ್ತೇನೆ. ಶೀತ ಎಂದು ಹೇಳಿ ಹಾಸಿಗೆಯನ್ನು ಆಚೆ ಕೋಣೆಗೆ ಹಾಕಿಸಿಕೊಂಡಿದ್ದೇನೆ. ಕಂಕುಳು ಮುಟ್ಟಿ ನೋಡಿದೆ. ಏನಿಲ್ಲ.

ಆಗಸ್ಟ್ 21, ಬುಧವಾರ

ಕೊಡಲಿಯ ಸದ್ದಿಲ್ಲ. ಎಂಟು ಗಂಟೆ, ಒಂಬತ್ತು ಗಂಟೆ.

ಹತ್ತಕ್ಕೆ ಊಲ್ಕಾನ್ ಗೋಡೆಯ ಹತ್ತಿರ ಬಂದು ಅನಾರ್ಕಾನ್‌ಳನ್ನು ಥರ್ಮಾಮೀಟರ್ ಕೇಳಿದಳು. ಗಂಡಸರು ಮಾತು ಬಿಟ್ಟರೂ ಹೆಂಗಸರು ಉಪ್ಪು, ಹೆಪ್ಪು ಎಂದು ಕೊಟ್ಟು ತೆಗೆದುಕೊಳ್ಳುವುದು ನಿಂತಿರಲಿಲ್ಲ. ಅಳೆದು ಮತ್ತೆ ಬಂದಳು: ಮುಕಾಷ್‌ಗೆ ಜ್ವರ ಮೂವತ್ತೊಂಬತ್ತು ಡಿಗ್ರಿಯ ಮೇಲಿದೆಯಂತೆ. ಕಂಕುಳಲ್ಲಿ ಕುರು ಎದ್ದಿದೆ, ಕೈ ಇಳಿಸಲು ಆಗುತ್ತಿಲ್ಲವಂತೆ.

ನಾನು ಓಡಿದೆ. ಈ ಕಾಲಿನಲ್ಲಿ ಕೊನೆಯ ಸಲ ಓಡಿದ್ದು ಯಾವಾಗಲೋ. ಜಿಪಾರಾ ನನ್ನ ವಿದ್ಯಾರ್ಥಿನಿ, ಮೊದಲ ಬೆಂಚಿನವಳು. ಮುಕಾಷ್‌ನನ್ನು ಕೂಡಲೇ ನೋಡು, ಅವನು ಮಾರ್ಮಟ್ ಸುಲಿದನೆಂದು ಕೇಳಿದೆ ಎಂದೆ. ಅವಳ ಮುಖ ಬಿಳಿಚಿತು. ಫೋನ್ ಎತ್ತಿಕೊಳ್ಳುತ್ತಲೇ ಕೇಳಿದಳು, "ಯಾರು ತಂದ್ರು ಮೇಷ್ಟ್ರೇ ಅದನ್ನ?"

ಗೊತ್ತಿಲ್ಲ ಎಂದೆ. ಆ ಹೊತ್ತಿನಲ್ಲಿ ಮುಖ್ಯವಾದದ್ದು ರೋಗಿ, ವಿವರಗಳಲ್ಲ.

ಮಧ್ಯಾಹ್ನ ವ್ಯಾನು ಬಂತು. ಬಿಳಿಯ ಮುಸುಕಿನ ನಾಲ್ವರು ಅವನನ್ನು ಎತ್ತಿಕೊಂಡು ಹೋದರು. ಟೊಪ್ಪಿಗೆ ಅಂಗಳದಲ್ಲಿ ಬಿದ್ದಿತ್ತು. ಅದನ್ನೂ ಚಿಮಟದಲ್ಲಿ ಹಿಡಿದು ಚೀಲಕ್ಕೆ ಹಾಕಿದರು.

ಆಗಸ್ಟ್ 22, ಗುರುವಾರ

ಊರಿಗೆ ಬೇಲಿ. ಸೇತುವೆಯ ಹತ್ತಿರ ಪೊಲೀಸರು. ಊಲ್ಕಾನ್‌ಳನ್ನು ಅವಳ ಮನೆಯಲ್ಲೇ ಒಂಟಿಯಾಗಿ ಇಟ್ಟಿದ್ದಾರೆ, ಗೇಟಿಗೆ ಕೆಂಪು ಪಟ್ಟಿ. ಚರ್ಮವನ್ನು ಮುಚ್ಚಿದ ಡಬ್ಬಿಯಲ್ಲಿ ಪರೀಕ್ಷೆಗೆ ಕಳಿಸಿದರು.

ಮುಕಾಷ್ ಜ್ವರದಲ್ಲೇ ಹೇಳಿಕೆ ಕೊಟ್ಟಿದ್ದಾನೆ. ಕಾಲುವೆಯ ಪಕ್ಕ ಮಾರ್ಮಟ್ ಸತ್ತು ಬಿದ್ದಿತ್ತು, ಎತ್ತಿಕೊಂಡು ಬಂದೆ, ಬೇರೆ ಯಾರೂ ಇರಲಿಲ್ಲ.

ಅಂಗಡಿಯ ಮುಂದೆ ಒಬ್ಬರಿಗೊಬ್ಬರು ದೂರ ನಿಂತುಕೊಂಡೇ ಜನ ಆಡಿಕೊಂಡರು. ಆಗ ಕಲ್ಲಿದ್ದಲು ಬಿಡಲಿಲ್ಲ, ಈಗ ಸತ್ತ ಹೆಣವನ್ನೂ ಬಿಡಲಿಲ್ಲ ಎಂದರು. ಮನೆಗೆ ಬಂದರೆ ಅನಾರ್ಕಾನ್ ಅದನ್ನೇ ಹೇಳಿದಳು. ಅವನು ಸುಳ್ಳುಗಾರ ಎಂದು ನಾನು ಎಷ್ಟೋ ವರ್ಷದ ಹಿಂದೆಯೇ ಬರೆದುಕೊಟ್ಟಿದ್ದೇನೆ. ಆದರೆ ಈ ಸುಳ್ಳು ಯಾಕೆ ಎಂದು ಅರ್ಥವಾಗುತ್ತಿಲ್ಲ. ಇದರಿಂದ ಅವನಿಗೇನು ಲಾಭ?

ಮುಟ್ಟಿದವರ ಪಟ್ಟಿ ಮಾಡಿ ಗುಳಿಗೆ ಕೊಡುತ್ತಿದ್ದಾರೆ. ಪಟ್ಟಿಯಲ್ಲಿ ಇಲ್ಲದವರಿಗೆ ಇಲ್ಲ. ನನ್ನ ಹೆಸರಿಲ್ಲ. ಕಂಕುಳು, ತೊಡೆಯ ಸಂದು, ಕತ್ತು. ಬೆಳಿಗ್ಗೆಯಿಂದ ಎಷ್ಟು ಸಲ ಮುಟ್ಟಿಕೊಂಡೆನೋ. ಅಲ್ಲಿ ಈಗ ನೋವಿದೆ. ಮುಟ್ಟಿದ್ದಕ್ಕೇ ಬಂದ ನೋವಿರಬೇಕು.

ಆಗಸ್ಟ್ 23, ಶುಕ್ರವಾರ

ಅನಾರ್ಕಾನ್ ಬೆಳಿಗ್ಗೆ ಏಳಲಿಲ್ಲ. ತಲೆನೋವು ಎಂದಳು. ಹಸು ಕೂಗಿಕೊಂಡರೂ ಏಳಲಿಲ್ಲ. ಥರ್ಮಾಮೀಟರ್ ಊಲ್ಕಾನ್‌ಳ ಮನೆಯಲ್ಲೇ ಉಳಿದಿದೆ. ಹಣೆ ಮುಟ್ಟಿದೆ. ಬೆಚ್ಚಗಿತ್ತೋ, ನನ್ನ ಕೈ ತಣ್ಣಗಿತ್ತೋ.

ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಬಂಡೆ, ಬಿಲ, ಗೇಟು, ಜಾಕೆಟ್ಟು. ಅವಳು ಸೂರು ನೋಡುತ್ತ ಮಲಗಿದ್ದಳು. ಬೈಯಲಿ ಎಂದು ಕಾದೆ.

"ಜಾಕೆಟ್ ಒಗೆದೋಳು ನಾನು," ಎಂದಳು. ನನ್ನ ಕಡೆ ತಿರುಗಿ ಸೇರಿಸಿದಳು, "ಊರವರ ತಪ್ಪನ್ನೆಲ್ಲ ಒಳ್ಳೇ ಅಕ್ಷರದಲ್ಲಿ ಬರೆದ್ರಿ. ಇದನ್ನ ಬರೆಯೋದು ಬೇಡ. ಹೋಗಿ ಬಾಯಲ್ಲಿ ಹೇಳಿ. ನಾನಿನ್ನೂ ಇರೋವಾಗ್ಲೇ ಹೋಗಿ."

ಆರೋಗ್ಯ ಕೇಂದ್ರದ ಅಂಗಳದಲ್ಲಿ ಜಿಪಾರಾ ಮೇಜು ಹಾಕಿಕೊಂಡು ಕೂತಿದ್ದಳು. ಹದಿನೈದಿಪ್ಪತ್ತು ಜನ ಸುಣ್ಣದ ಗೆರೆಗಳ ಮೇಲೆ ದೂರ ದೂರ ನಿಂತಿದ್ದರು. ಅರ್ಧಕ್ಕರ್ಧ ನಾನು ಅಕ್ಷರ ತಿದ್ದಿಸಿದವರು. ಹತ್ತಿರ ಹೋಗಿ ಮೆಲ್ಲಗೆ ಹೇಳೋಣವೆಂದಿದ್ದೆ. ಗೆರೆ ದಾಟಬೇಡಿ ಎಂದು ಪೊಲೀಸಿನವನು ತಡೆದ. ಹಾಗಾಗಿ ಅಲ್ಲಿಂದಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕಾಯಿತು. ಅದನ್ನು ಹೊಡೆದವನು ನಾನು, ಕೊಟ್ಟವನು ನಾನು, ಮುಕಾಷ್ ಕಾಲುವೆಯ ಹತ್ತಿರ ಏನನ್ನೂ ಎತ್ತಿಕೊಳ್ಳಲಿಲ್ಲ. ತರಗತಿಯಲ್ಲಿ ಬರುತ್ತಿದ್ದ ದನಿಯೇ ಬಂತು.

ಜಿಪಾರಾ ಬರೆದುಕೊಂಡಳು. ಎಷ್ಟು ದೂರದಿಂದ ಹೊಡೆದಿರಿ ಎಂದು ಕೇಳಿದಳು. ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. ಆ ಪಾಠದಲ್ಲಿ ಅವಳಿಗೆ ಪೂರ್ತಿ ಅಂಕ ಕೊಟ್ಟಿದ್ದೆ.

ಆಮೇಲೆ ಗುಳಿಗೆಯ ಎರಡು ಪೊಟ್ಟಣ ಗೆರೆಯ ಮೇಲಿಟ್ಟು ಹೇಳಿದಳು, "ಈಗಷ್ಟೇ ಫೋನ್ ಬಂತು ಮೇಷ್ಟ್ರೇ. ಚರ್ಮದಲ್ಲಿ ಸಣ್ಣ ಗುಂಡಿನ ತೂತಿದೆಯಂತೆ. ಊರಲ್ಲಿ ಅಂಥ ಬಂದೂಕು ಒಂದೇ, ಇಟ್ಟಿಗೆ ಗೂಡಿನ ಹತ್ತಿರ ಅದರ ಸದ್ದು ಎಲ್ಲರೂ ಕೇಳಿದಾರೆ. ನಾನೇ ನಿಮ್ಮನೆಗೆ ಹೊರಟಿದ್ದೆ."

ಅವಳು ಹೊರಡುವ ಮೊದಲೇ ನಾನು ಬಂದಿದ್ದೆ. ಇದನ್ನು ಬರೆದಿಡುತ್ತೇನೆ.

ಬಂದೂಕು ತೆಗೆದುಕೊಂಡು ಹೋದರು. ಬಂದ ಪೊಲೀಸಿನವನಿಗೆ ನಳಿಗೆಯೊಳಗೆ ನೋಡುವ ಕ್ರಮವೂ ಗೊತ್ತಿರಲಿಲ್ಲ. ಅನಾರ್ಕಾನ್ ಗುಳಿಗೆ ನುಂಗಿ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ಅವಳ ಬೆನ್ನು ಏರಿಳಿಯುವುದನ್ನು ನೋಡುತ್ತ ಇದನ್ನು ಬರೆಯುತ್ತಿದ್ದೇನೆ.

ಆಗಸ್ಟ್ 26, ಸೋಮವಾರ

ಅನಾರ್ಕಾನ್ ಎದ್ದಿದ್ದಾಳೆ. ಜ್ವರ ಬರಲೇ ಇಲ್ಲ, ನಿದ್ದೆಗೆಟ್ಟ ತಲೆನೋವಂತೆ. ನಾನು ಆಚೆ ಕೋಣೆಯಲ್ಲಿ ನರಳುವುದನ್ನು ಮೂರು ರಾತ್ರಿ ಕೇಳಿಸಿಕೊಂಡಿದ್ದಳಂತೆ. ನನ್ನ ಒಂಬತ್ತನೆಯ ದಿನವೂ ಕಳೆಯಿತು.

ಪರೀಕ್ಷೆಯಲ್ಲಿ ಪ್ಲೇಗೇ ಎಂದಾಗಿದೆ. ಚುಚ್ಚುಮದ್ದಿಗೆ ಮುಕಾಷ್‌ನ ಜ್ವರ ನಿನ್ನೆಯಿಂದ ಇಳಿಮುಖ ಎಂದು ಜಿಪಾರಾ ಫೋನು ಮಾಡಿದಳು. ಒಂದು ತೊಡಕಿದೆಯಂತೆ. ಅವನು ಹೇಳಿಕೆ ಬದಲಾಯಿಸಲು ಒಪ್ಪುತ್ತಿಲ್ಲ. ನನ್ನ ಹೇಳಿಕೆಯನ್ನು ಓದಿ ಹೇಳಿದರೆ ಹಾಸಿಗೆಯಲ್ಲೇ ನಕ್ಕನಂತೆ. ಅವನ ಮಾತನ್ನು ಅವಳು ಇದ್ದ ಹಾಗೇ ಹೇಳಿದಳು: "ಆ ಮೇಷ್ಟ್ರು ಹೊಡೆದ್ರೆ ಗುಂಡು ಗುಡ್ಡಕ್ಕೂ ತಗಲಲ್ಲ. ಜಂಭಕ್ಕೆ ಹೇಳ್ತಿದಾರೆ. ನಾನೇ ಕಂಡೆ, ನಾನೇ ಎತ್ತಿದೆ."

ಕೇಳಿ ಮೈ ಉರಿಯಿತು. ಹತ್ತರಲ್ಲಿ ಏಳು ಹೊಡೆದವನು ನಾನು. ಚರ್ಮದ ತೂತಿಗೆ ಏನು ಹೇಳುತ್ತಾನಂತೆ ಎಂದು ಕೇಳಿದೆ. ನುಸಿ ತಿಂದದ್ದು ಎನ್ನುತ್ತಾನಂತೆ. ಕೇಳಿ ಪಡೆದ ಪಾಲಿಗೆ ಕೊಟ್ಟವನ ಹೆಸರು ಹೇಳಬಾರದು ಎಂಬುದು ಹಳಬರ ನಿಯಮ, ಅದಕ್ಕಿರಬಹುದು ಎಂದು ಜಿಪಾರಾ ಅಂದಳು. ಅಂಥ ನಿಯಮವಿರುವುದು ನನಗೂ ಗೊತ್ತು. ನಾನು ನನ್ನ ಹೇಳಿಕೆಯನ್ನು ಹಿಂದೆಗೆದುಕೊಳ್ಳುವುದಿಲ್ಲ.

ಉಳಿದಿರುವುದು ಊಲ್ಕಾನ್. ಅವನನ್ನು ಮುಟ್ಟಿ ಶುಶ್ರೂಷೆ ಮಾಡಿದವಳು, ಮೊದಲೇ ಎದೆ ದುರ್ಬಲ. ನಾಳೆ ಕತ್ತಲಾಗುವವರೆಗೆ ಅವಳ ಆರನೆಯ ದಿನ. ಯಾರೂ ಒಳಗೆ ಹೋಗುವ ಹಾಗಿಲ್ಲ. ಬೆಳಿಗ್ಗೆ ಚಹಾ ಆದ ಮೇಲೆ ಗೋಡೆಯ ಪಕ್ಕ ಸೌದೆಯ ಮೇಲೆ ಕೂತೆ. ಕೊಡದ ಸದ್ದು, ಬಾಗಿಲಿನ ಸದ್ದು. ಆಮೇಲೆ ಕೆಮ್ಮು. ಇಷ್ಟು ವರ್ಷ ಕೇಳಿದ ಅದೇ ಕೆಮ್ಮೋ ಬೇರೆಯದೋ ಎಂದು ಕಿವಿಗೊಟ್ಟೆ. ಸದ್ದು ನಿಂತಾಗ ಇನ್ನೂ ಕಷ್ಟವಾಯಿತು.

ಮಧ್ಯಾಹ್ನ ಗೋಡೆಯಾಚೆಯಿಂದ ಅವಳೇ ಮಾತಾಡಿದಳು.

"ಮೇಷ್ಟ್ರೇ, ಅಲ್ಲೇ ಇದೀರಾ? ನಾನು ಬದುಕಿದೀನಿ. ಹೋಗಿ ಊಟ ಮಾಡಿ."

ಅದಕ್ಕಾಗಿ ಕೂತಿಲ್ಲ ಎಂದೆ.

"ಮತ್ತೆ ಯಾತಕ್ಕೆ ಕೂತಿದೀರಿ?"

ಅನಾರ್ಕಾನ್ ಎರಡು ಸಲ ಊಟಕ್ಕೆ ಕರೆದಳು. ಇದನ್ನು ಅಲ್ಲೇ, ಸೌದೆಯ ಮೇಲೆ ಕೂತು ಬರೆಯುತ್ತಿದ್ದೇನೆ.